ಎರಡನೆಯ ಹೆರಿಗೆ: ಮನೆಯಲ್ಲಿ ಮಿಡ್‌ವೈಫ್ ಜೊತೆಗೋ, ಆಸ್ಪತ್ರೆಯಲ್ಲೋ?

ಕನಕಾಂಬರ

ಎಲ್ಲರಿಗೂ ನಮಸ್ಕಾರ. ನನಗೀಗ ಏಳು ತುಂಬಿ ಎಂಟರಲ್ಲಿ ನಡೆಯುತ್ತಿದೆ. ನಾವು ಇರುವುದು ಬೆಂಗಳೂರಿನ ಕನಕಪುರ ರಸ್ತೆಯಲ್ಲಿ, ತವರು ಶಿರಸಿ ತಾಲ್ಲೂಕಿನ ಒಂದು ಹಳ್ಳಿ. ಮೊದಲ ಮಗಳು 2021ರಲ್ಲಿ ಇಲ್ಲಿಯ ಒಂದು ಖಾಸಗಿ ಆಸ್ಪತ್ರೆಯಲ್ಲಿ ಹುಟ್ಟಿದಳು. ಕೊರೊನಾ ಕಾಲವಾದ್ದರಿಂದ ಗಂಡನನ್ನಾಗಲಿ ಅಮ್ಮನನ್ನಾಗಲಿ ಒಳಗೆ ಬಿಡಲಿಲ್ಲ. ಹೊಟ್ಟೆಗೆ ಬೆಲ್ಟು ಬಿಗಿದು ಅಂಗಾತ ಮಲಗಿಸಿದವರು ಒಂಬತ್ತು ಗಂಟೆಯ ಕಾಲ ಎದ್ದು ಓಡಾಡಲು ಬಿಡಲಿಲ್ಲ, ನೀರು ಕೇಳಿದರೆ ಈಗ ಬೇಡ ಎಂದರು. ಮಗು ಹೊರಬರುವ ದಾರಿಯನ್ನು ಕೊಯ್ದು ಹೊಲಿಗೆ ಹಾಕಿದ್ದು ನನಗೆ ತಿಳಿದದ್ದು ಮರುದಿನ, ಕೂರಲಾಗದೆ ಹೋದಾಗ. ಮಗುವನ್ನು ಒರೆಸಿ, ತೂಕ ನೋಡಿ, ಬೇರೆ ಕೋಣೆಗೆ ಒಯ್ದು, ಎರಡು ತಾಸಿನ ಮೇಲೆ ನನ್ನ ಕೈಗೆ ಕೊಟ್ಟರು. ತಾಯಿ ಮಗು ಇಬ್ಬರೂ ಕ್ಷೇಮವಾಗಿದ್ದೇವೆ, ಅದು ನಿಜ. ಆದರೆ ಆ ದಿನವನ್ನು ನೆನೆದರೆ ಈಗಲೂ ಎದೆ ಹಿಂಡಿದಂತಾಗುತ್ತದೆ.

ಈ ಸಲ ಪರಿಚಯದವರೊಬ್ಬರ ಮೂಲಕ ಹೆರಿಗೆ ಮಾಡಿಸುವ ತರಬೇತಿ ಪಡೆದ ಒಬ್ಬ ಮಿಡ್‌ವೈಫ್ ಸಿಕ್ಕಿದ್ದಾರೆ. ನೋವು ಶುರುವಾದಾಗ ಜೊತೆಗಾತಿಯೊಬ್ಬರನ್ನು ಕರೆದುಕೊಂಡು ಮನೆಗೇ ಬರುತ್ತಾರಂತೆ. ಮೊದಲ ಭೇಟಿಯಲ್ಲಿ ಒಂದೂವರೆ ತಾಸು ಕುಳಿತು ನನ್ನ ಮಾತು ಕೇಳಿದರು. ಅಷ್ಟು ಹೊತ್ತು ಯಾವ ವೈದ್ಯರೂ ನನ್ನ ಮಾತು ಕೇಳಿದ್ದಿಲ್ಲ. ನನ್ನ ಅಜ್ಜಿ ಏಳು ಮಕ್ಕಳನ್ನು ಮನೆಯ ಹಿಂಬದಿಯ ಕೋಣೆಯಲ್ಲೇ ಹೆತ್ತವಳು. ಆದರೆ ಗಂಡ, ಅಮ್ಮ ಇಬ್ಬರೂ ಬೇಡವೆಂದು ಹಟ ಹಿಡಿದಿದ್ದಾರೆ. ಹಿಮೋಗ್ಲೋಬಿನ್ 10.4 ಇದೆ, ರಕ್ತದೊತ್ತಡ ಮತ್ತು ಸಕ್ಕರೆ ಸರಿಯಾಗಿವೆ, ಮಗುವಿನ ತಲೆ ಕೆಳಗಿದೆ. ಅನುಭವವಿರುವವರು ದಯವಿಟ್ಟು ತಿಳಿಸಿ.

ಹೊಸಮನೆ

ಬೇಡ. ಅಮ್ಮನ ಮಾತು ಕೇಳಿ.

ತುಂಗಾತೀರ

ಒಂದು ಸಾಲಿನಲ್ಲಿ ಬೇಡ ಎಂದುಬಿಡುವುದು ಸುಲಭ. ಅವರು ಅನುಭವಿಸಿದ ಒಂಬತ್ತು ಗಂಟೆಯನ್ನು ಅನುಭವಿಸಿದವರಿಗೆ ಮಾತ್ರ ಅದರ ಸಂಕಟ ಗೊತ್ತು.

ನಾನು 2022ರಲ್ಲಿ ಎರಡನೆಯ ಮಗನನ್ನು ಮನೆಯಲ್ಲೇ ಹೆತ್ತೆ, ಮಿಡ್‌ವೈಫ್ ಇದ್ದರು. ರಾತ್ರಿ ಹನ್ನೊಂದಕ್ಕೆ ನೋವು ಕಾಣಿಸಿಕೊಂಡಿತು. ಅಡುಗೆಮನೆಯ ಕಟ್ಟೆ ಹಿಡಿದು ಬಾಗಿ ನಿಂತರೆ ನನಗೆ ಹಾಯೆನಿಸುತ್ತಿತ್ತು. ಅತ್ತೆ ಬಿಸಿನೀರಿನಲ್ಲಿ ಅದ್ದಿದ ಬಟ್ಟೆಯನ್ನು ಸೊಂಟಕ್ಕೆ ಒತ್ತುತ್ತಿದ್ದರು. ಮಿಡ್‌ವೈಫ್ ಕಾಲು ತಾಸಿಗೊಮ್ಮೆ ಸಣ್ಣ ಡಾಪ್ಲರ್ ಇಟ್ಟು ಮಗುವಿನ ಎದೆಬಡಿತ ಕೇಳಿಸಿಕೊಂಡು ಬರೆದಿಟ್ಟುಕೊಳ್ಳುತ್ತಿದ್ದರು. ಬೆಳಗಿನ ಜಾವ ನಾಲ್ಕಕ್ಕೆ ಮಂಡಿಯೂರಿ ಹೆತ್ತೆ. ಹೊಕ್ಕುಳಬಳ್ಳಿಯ ಮಿಡಿತ ನಿಲ್ಲುವವರೆಗೂ ಅದನ್ನು ಕತ್ತರಿಸಲಿಲ್ಲ, ಮಗು ನನ್ನ ಎದೆಯ ಮೇಲಿಂದ ಇಳಿಯಲೇ ಇಲ್ಲ. ಒಂದು ಹೊಲಿಗೆಯೂ ಬೀಳಲಿಲ್ಲ.

ತೊಂದರೆಯಾದದ್ದು ಜನನ ನೋಂದಣಿಯಲ್ಲಿ ಮಾತ್ರ. ಮನೆಯಲ್ಲಿ ಹುಟ್ಟಿದರೆ 21 ದಿನದೊಳಗೆ ಮನೆಯವರೇ ಹೋಗಿ ತಿಳಿಸಬೇಕು. ಆಸ್ಪತ್ರೆಯ ಕಾಗದ ಎಲ್ಲಿ ಎಂದು ಮೂರು ಸಲ ಅಲೆದಾಡಿಸಿದರು. ತಾಯಿ ಕಾರ್ಡ್ ಮತ್ತು ತಪಾಸಣೆಯ ಕಾಗದಗಳನ್ನು ಜೋಪಾನವಾಗಿಟ್ಟದ್ದು ಆಗ ಕೈಹಿಡಿಯಿತು.

ನಿವೃತ್ತ ಸಿಸ್ಟರ್, ಬೆಳಗಾವಿ

ತಂಗಿ ಕನಕಾಂಬರ, ನಾನು ಬೆಳಗಾವಿ ಜಿಲ್ಲೆಯ ಉಪಕೇಂದ್ರಗಳಲ್ಲಿ ಮೂವತ್ತೊಂದು ವರ್ಷ ಕಿರಿಯ ಆರೋಗ್ಯ ಸಹಾಯಕಿಯಾಗಿದ್ದವಳು. ಮನೆಗಳಲ್ಲಿ ಮಾಡಿಸಿದ ಹೆರಿಗೆಗಳ ಲೆಕ್ಕ ಇಟ್ಟಿಲ್ಲ, ನೂರಾರು ಇರಬಹುದು. ಆದ್ದರಿಂದ ಮನೆ ಹೆರಿಗೆ ಎಂದೊಡನೆ ಬೆಚ್ಚಿಬೀಳುವವಳು ನಾನಲ್ಲ. ಆದರೂ ನೋಡಿದ್ದನ್ನು ಹೇಳಲೇಬೇಕು.

ಹೆರಿಗೆಯಲ್ಲಿ ಜನರಿಗೆ ಭಯವಿರುವುದು ಮಗು ಹೊರಬರುವ ತನಕ. ನಮಗೆ ಭಯ ಶುರುವಾಗುವುದು ಮಗು ಬಂದ ಮೇಲೆ. ಒಂದು ರಾತ್ರಿ ಒಬ್ಬಾಕೆಗೆ ಮೂರನೆಯ ಹೆರಿಗೆ, ಎಲ್ಲವೂ ಸರಾಗವಾಗಿ ಆಯಿತು. ಮಗು ಅತ್ತಿತು, ಕಸ (ಮಾಸು) ಪೂರ್ತಿ ಬಿತ್ತು. ಮನೆಯವರು ಬೆಲ್ಲ ಹಂಚುತ್ತಿದ್ದರು. ಆಕೆ ಮೆಲ್ಲಗೆ "ಬಾಯಾರಿಕೆ, ಅಕ್ಕಾ" ಎಂದಳು. ಲಾಟೀನು ತಂದು ನೋಡಿದರೆ ತುಟಿ ಬಿಳಿಚಿಕೊಂಡಿತ್ತು, ಹಾಸಿದ ಕೌದಿ ಅಡಿಯವರೆಗೆ ನೆನೆದಿತ್ತು. ಗರ್ಭಕೋಶ ಗಟ್ಟಿಯಾಗದೆ ಕಣಕದಂತೆ ಮೆತ್ತಗಿತ್ತು. ಹೊಟ್ಟೆಯ ಮೇಲೆ ಕೈಯೂರಿ ತಿಕ್ಕುತ್ತಲೇ ಜೀಪಿನಲ್ಲಿ ಹದಿನೆಂಟು ಕಿಲೋಮೀಟರು ಹೋದೆವು. ಆಕೆ ಬದುಕಿದಳು. ಎಲ್ಲರೂ ಬದುಕಲಿಲ್ಲ.

ನಮ್ಮ ಜಿಲ್ಲೆಯಲ್ಲೇ 2002ರಿಂದ 2005ರ ತನಕ ಜವಾಹರಲಾಲ್ ನೆಹರು ವೈದ್ಯಕೀಯ ಕಾಲೇಜಿನವರು ಇದರ ಬಗ್ಗೆ ದೊಡ್ಡ ಪರೀಕ್ಷೆಯೊಂದನ್ನು ನಡೆಸಿದರು. ಮನೆಯಲ್ಲೋ ಉಪಕೇಂದ್ರದಲ್ಲೋ ನಮ್ಮಂಥ ಸಹಾಯಕಿಯರ ಕೈಯಲ್ಲಿ ಹೆತ್ತ 1620 ಹೆಂಗಸರಲ್ಲಿ ಅರ್ಧದಷ್ಟು ಜನರಿಗೆ ಹೆರಿಗೆಯಾದೊಡನೆ ರಕ್ತಸ್ರಾವ ತಡೆಯುವ ಮಿಸೊಪ್ರೊಸ್ಟಾಲ್ ಮಾತ್ರೆ, ಉಳಿದವರಿಗೆ ಔಷಧವಿಲ್ಲದ ಮಾತ್ರೆ ಕೊಟ್ಟರು. ಅಳತೆಯ ಗೆರೆಗಳಿದ್ದ ಪ್ಲಾಸ್ಟಿಕ್ ಚೀಲವನ್ನು ಬಾಣಂತಿಯ ಅಡಿಯಲ್ಲಿ ಹಾಸಿ ರಕ್ತವನ್ನು ಅಳೆಯುತ್ತಿದ್ದರು. ಔಷಧವಿಲ್ಲದ ಮಾತ್ರೆ ಪಡೆದವರಲ್ಲಿ ನೂರಕ್ಕೆ 12 ಮಂದಿಗೆ ಅರ್ಧ ಲೀಟರು ಅಥವಾ ಅದಕ್ಕಿಂತ ಹೆಚ್ಚು ರಕ್ತ ಹೋಗಿತ್ತು, ಮಿಸೊಪ್ರೊಸ್ಟಾಲ್ ನುಂಗಿದವರಲ್ಲಿ ಅದು 6.4ಕ್ಕೆ ಇಳಿಯಿತು. ಆ ಚೀಲ ಬರುವ ಮೊದಲು ನಾವೆಲ್ಲ ಕಣ್ಣಂದಾಜಿನಲ್ಲಿ "ಸ್ವಲ್ಪ ಹೋಗಿದೆ" ಎಂದು ಬರೆಯುತ್ತಿದ್ದೆವು.

ನಿಮ್ಮ ಮಿಡ್‌ವೈಫ್‌ಗೆ ಇದನ್ನು ಕೇಳಿ: ರಕ್ತ ಅಳೆಯುವುದು ಹೇಗೆ? ಗರ್ಭಕೋಶವನ್ನು ಗಟ್ಟಿಯಾಗಿಸುವ ಆಕ್ಸಿಟೋಸಿನ್ ಚುಚ್ಚುಮದ್ದನ್ನು ತರುತ್ತೀರಾ, ತಂದರೆ ತಣ್ಣಗೆ ಇಡುವುದು ಎಲ್ಲಿ? ಮಗು ಉಸಿರಾಡದಿದ್ದರೆ ಮೊದಲ ಒಂದು ನಿಮಿಷದಲ್ಲಿ ಏನು ಮಾಡುತ್ತೀರಿ?

ತುಂಗಾತೀರ

ಸಿಸ್ಟರ್, ನೀವು ಹೇಳಿದ ಮೂರೂ ನಮ್ಮ ಮಿಡ್‌ವೈಫ್ ಬಳಿ ಇದ್ದವು. ಐಸ್ ಡಬ್ಬಿಯಲ್ಲಿ ಚುಚ್ಚುಮದ್ದು, ಮಗುವಿಗೆ ಗಾಳಿ ಒತ್ತುವ ಚೀಲ, ಸಣ್ಣ ಆಮ್ಲಜನಕದ ಸಿಲಿಂಡರ್. ಮನೆ ಹೆರಿಗೆಯೆಂದರೆ ಕತ್ತಲೆ ಕೋಣೆ ಮತ್ತು ತುಕ್ಕು ಹಿಡಿದ ಬ್ಲೇಡು ಎಂದು ತಿಳಿಯುವುದನ್ನು ಬಿಡಬೇಕು.

ನಿವೃತ್ತ ಸಿಸ್ಟರ್, ಬೆಳಗಾವಿ

ನಾನು ಹಾಗೆ ಹೇಳಲಿಲ್ಲ, ತಂಗಿ. ಅವೆಲ್ಲ ಇದ್ದದ್ದು ಒಳ್ಳೆಯದೇ. ಆದರೆ ರಕ್ತದ ಬಾಟಲಿ ಐಸ್ ಡಬ್ಬಿಯಲ್ಲಿ ಬರುವುದಿಲ್ಲ.

ಪಾವಗಡದ ಹುಡುಗ

ಈ ಚರ್ಚೆಯಲ್ಲಿ ನಮ್ಮ ತಾಲ್ಲೂಕಿನ ಸೂಲಗಿತ್ತಿ ನರಸಮ್ಮನವರ ಹೆಸರು ಬಾರದಿದ್ದರೆ ಹೇಗೆ? ಕೃಷ್ಣಾಪುರದ ಆ ತಾಯಿ ಒಂದು ಪೈಸೆ ಕೇಳದೆ ಹದಿನೈದು ಸಾವಿರಕ್ಕೂ ಹೆಚ್ಚು ಹೆರಿಗೆ ಮಾಡಿಸಿದರು. ಹೊಟ್ಟೆಯ ಮೇಲೆ ಕೈಯಿಟ್ಟೇ ಮಗುವಿನ ತಲೆ ಎಲ್ಲಿದೆ, ನಾಡಿ ಹೇಗಿದೆ ಎಂದು ಹೇಳುತ್ತಿದ್ದರು. ಸರ್ಕಾರ ಪದ್ಮಭೂಷಣ ಕೊಟ್ಟು ಗೌರವಿಸಿತು. ಯಾವ ಯಂತ್ರವಿತ್ತು ಅವರ ಬಳಿ?

ಅಕ್ಷರ

ಒಂದು ತಿದ್ದುಪಡಿ: ಅದು ಪದ್ಮಶ್ರೀ, 2018ರಲ್ಲಿ. ಅದಕ್ಕೂ ಮೊದಲು 2014ರಲ್ಲಿ ತುಮಕೂರು ವಿಶ್ವವಿದ್ಯಾಲಯ ಗೌರವ ಡಾಕ್ಟರೇಟ್ ಕೊಟ್ಟಿತ್ತು. 2018ರ ಡಿಸೆಂಬರ್ 25ರಂದು ಅವರು ತೀರಿಕೊಂಡರು. ಅವರ ಮೇಲಿನ ಗೌರವ ನನಗೂ ಇದೆ. ಆದರೆ ಅವರು ಕೆಲಸ ಆರಂಭಿಸಿದ ಕಾಲಕ್ಕೆ ಆ ಬಯಲುಸೀಮೆಯ ಹೆಂಗಸರಿಗೆ ಬೇರೆ ಆಯ್ಕೆಯೇ ಇರಲಿಲ್ಲ. ಹತ್ತಿರದಲ್ಲಿ ಆಸ್ಪತ್ರೆ ಇದ್ದೂ ಅದು ಬೇಡವೆನ್ನುವುದು ಬೇರೆ, ಇಲ್ಲದ್ದರಿಂದ ಸೂಲಗಿತ್ತಿಯನ್ನು ನೆಚ್ಚಿದ್ದು ಬೇರೆ.

ಪಾವಗಡದ ಹುಡುಗ

ಪದ್ಮಶ್ರೀ ಎಂಬುದು ಸರಿ, ತಪ್ಪಾಯಿತು. ಆದರೂ ಆ ಕೈಯ ಜ್ಞಾನವನ್ನು ಇನ್ನೂ ಹೆಚ್ಚು ಜನ ಕಲಿತಿಟ್ಟುಕೊಳ್ಳಬೇಕಿತ್ತು ಎಂಬ ನೋವು ನನಗಿದೆ.

ಸುರಪುರ

ಇದನ್ನು ಬರೆಯಬೇಕೋ ಬೇಡವೋ ಎಂದು ಎರಡು ದಿನ ಯೋಚಿಸಿದೆ. ನನ್ನ ಅಕ್ಕ 1996ರಲ್ಲಿ ನಮ್ಮ ಮನೆಯಲ್ಲೇ ಹೆತ್ತು ತೀರಿಕೊಂಡಳು. ಅವಳಿಗೆ ಇಪ್ಪತ್ತು, ನನಗೆ ಹನ್ನೊಂದು. ಮಗು ಬಂತು, ಕಸ ಬೀಳಲಿಲ್ಲ. ಸೂಲಗಿತ್ತಿ ಕೆಟ್ಟವಳಲ್ಲ, ನನ್ನನ್ನೂ ಅವಳೇ ಈ ಲೋಕಕ್ಕೆ ತಂದದ್ದು. ಸಂಜೆಯಿಂದ ನಡುರಾತ್ರಿಯವರೆಗೆ ಕಾದರು. ಗಾಡಿ ಕಟ್ಟುವಂತೆ ನನ್ನನ್ನು ಕಾಕಾನ ಮನೆಗೆ ಓಡಿಸಿದರು. ನಾನು ಹಿಂದಿರುಗುವಾಗ ಮನೆಯೊಳಗಿಂದ ಅಳುವಿನ ದನಿ ಕೇಳಿಸಿತು. ಅಂಗಳದಲ್ಲಿ ಎತ್ತುಗಳು ನೊಗ ಹೊತ್ತು ನಿಂತೇ ಇದ್ದವು.

ಅಕ್ಕನ ಮಗ ಈಗ ಕಲಬುರಗಿಯಲ್ಲಿ ಕೆಲಸದಲ್ಲಿದ್ದಾನೆ. ಯಾವ ಹುಟ್ಟುಹಬ್ಬಕ್ಕೂ ಅವನು ಊರಿಗೆ ಬರುವುದಿಲ್ಲ, ಏಕೆಂದು ನಾವೂ ಕೇಳುವುದಿಲ್ಲ. ಕನಕಾಂಬರ ಅವರೇ, ನಿಮ್ಮ ಅಜ್ಜಿ ಏಳು ಹೆತ್ತು ಉಳಿದರು, ಸಂತೋಷ. ಉಳಿಯದೆ ಹೋದ ಅಜ್ಜಿಯರ ಕತೆಯನ್ನು ಹೇಳಲು ಮೊಮ್ಮಕ್ಕಳು ಇರುವುದಿಲ್ಲ.

ಹೊಸಮನೆ

ಓದಿ ಕಣ್ಣು ತುಂಬಿ ಬಂತು.

ಐಂಧೋವನ್ ಕನ್ನಡತಿ

ನಾನು ನೆದರ್ಲೆಂಡ್ಸ್‌ನಲ್ಲಿದ್ದೇನೆ. ಇಲ್ಲಿ ತೊಡಕಿಲ್ಲದ ಬಸಿರನ್ನು ನೋಡಿಕೊಳ್ಳುವುದು ಮಿಡ್‌ವೈಫ್‌ಗಳೇ, ತಜ್ಞ ವೈದ್ಯರನ್ನು ಕಾಣುವುದು ತೊಂದರೆ ಇದ್ದರೆ ಮಾತ್ರ. 1960ರ ದಶಕದಲ್ಲಿ ಇಲ್ಲಿಯ ಮೂರರಲ್ಲಿ ಎರಡು ಹೆರಿಗೆಗಳು ಮನೆಯಲ್ಲೇ ಆಗುತ್ತಿದ್ದವು, ಈಗ ಅದು ಆರೇಳರಲ್ಲಿ ಒಂದಕ್ಕೆ ಇಳಿದಿದೆ. ನಾನೂ ಮೊದಲ ಮಗುವನ್ನು ಮನೆಯಲ್ಲೇ ಹೆರಬೇಕೆಂದು ತಯಾರಾಗಿದ್ದೆ. ಸೊಂಟ ಬಗ್ಗಿಸದೆ ಆರೈಕೆ ಮಾಡುವಂತಿರಬೇಕೆಂದು ಮಂಚದ ಕಾಲುಗಳ ಕೆಳಗೆ ಕಟ್ಟೆಗಳನ್ನಿಟ್ಟು ಎತ್ತರಿಸಿದೆವು. ವಿಮೆಯವರು ಹತ್ತಿ, ಬಟ್ಟೆ, ಹೊಕ್ಕುಳಬಳ್ಳಿಯ ಚಿಮಟ ಎಲ್ಲ ಇರುವ ಪೆಟ್ಟಿಗೆಯನ್ನು ಕಳುಹಿಸಿದರು.

ಆದರೆ ನೋವು ಹದಿನಾಲ್ಕು ತಾಸು ದಾಟಿದರೂ ಮುಂದುವರಿಯಲಿಲ್ಲ. ಮಿಡ್‌ವೈಫ್ ನನ್ನೆದುರೇ ಆಸ್ಪತ್ರೆಗೆ ಫೋನು ಮಾಡಿ, ಪ್ರತಿ ತಾಸಿನ ವಿವರವನ್ನು ಓದಿ ಹೇಳಿ, ನನ್ನ ಜೊತೆಗೇ ಬಂದರು. ಬಾಗಿಲಲ್ಲಿ ನಮಗಾಗಿ ಕಾಯುತ್ತಿದ್ದರು. ಏಕೆ ತಡ ಮಾಡಿದಿರಿ ಎಂದು ಯಾರೂ ಗದರಲಿಲ್ಲ.

ಇಂಗ್ಲೆಂಡಿನಲ್ಲಿ ಸುಮಾರು 64 ಸಾವಿರ ತೊಡಕಿಲ್ಲದ ಗರ್ಭಿಣಿಯರನ್ನು ಗಮನಿಸಿ 2011ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ಚೊಚ್ಚಲಿನವರು ಮನೆಯಲ್ಲಿ ಹೆರಲು ಹೊರಟಾಗ ಮಗುವಿಗೆ ಗಂಭೀರ ತೊಂದರೆಯಾದದ್ದು ಸಾವಿರಕ್ಕೆ 9.3, ಆಸ್ಪತ್ರೆಯ ವೈದ್ಯರ ಘಟಕದಲ್ಲಿ 5.3. ಮೊದಲೇ ಹೆತ್ತವರಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಿರಲಿಲ್ಲ. ಆದರೆ ಮನೆಯಿಂದ ಆಸ್ಪತ್ರೆಗೆ ಸಾಗಿಸಬೇಕಾದವರು ಚೊಚ್ಚಲಿನಲ್ಲಿ ನೂರಕ್ಕೆ 45, ಆಮೇಲಿನ ಹೆರಿಗೆಗಳಲ್ಲಿ 12.

ತುಂಗಾತೀರ

ಹಾಗಾದರೆ ಎರಡನೆಯ ಹೆರಿಗೆಗೆ ಮನೆ ಸುರಕ್ಷಿತವೆಂದು ಸಾಬೀತಾದಂತಾಯಿತಲ್ಲ! ಕನಕಾಂಬರ ಅವರದೂ ಎರಡನೆಯದೇ.

ಐಂಧೋವನ್ ಕನ್ನಡತಿ

ಇಂಗ್ಲೆಂಡಿನಲ್ಲಿ ಸಾಬೀತಾಯಿತು ಎನ್ನಿ. ಕನಕಪುರ ರಸ್ತೆಗೆ ಅದನ್ನು ತಂದು ಅಂಟಿಸುವುದು ಹೇಗೆ? ನೂರರಲ್ಲಿ ಆ 12 ಮಂದಿಗೆ ಅಲ್ಲಿ ಬಾಗಿಲು ತೆರೆದಿರುತ್ತದೆ. ಊರಿನಲ್ಲಿ ನನ್ನ ತಂಗಿಯನ್ನು ನಡುರಾತ್ರಿ ಕರೆದೊಯ್ದಾಗ, "ಮೊದಲಿನಿಂದ ನಮ್ಮಲ್ಲಿ ತೋರಿಸಿಲ್ಲ" ಎಂದು ಎರಡು ಕಡೆ ಸೇರಿಸಿಕೊಳ್ಳಲೇ ಇಲ್ಲ.

ಹೆರಿಗೆ ವೈದ್ಯೆ

ನಾನು ಜಿಲ್ಲಾ ಕೇಂದ್ರವೊಂದರಲ್ಲಿ ಸ್ತ್ರೀರೋಗ ತಜ್ಞೆ. ಮೇಲಿನ ಮಾತು ಈ ಚರ್ಚೆಯ ತಿರುಳು. ಭಾರತ ಸರ್ಕಾರ 2018ರ ಡಿಸೆಂಬರ್‌ನಲ್ಲಿ ಮಿಡ್‌ವೈಫರಿ ಸೇವೆಯ ಮಾರ್ಗಸೂಚಿ ಹೊರತಂದು, ಶುಶ್ರೂಷಕಿಯರಿಗೆ ಹದಿನೆಂಟು ತಿಂಗಳ ತರಬೇತಿ ಕೊಟ್ಟು, ಸಹಜ ಹೆರಿಗೆಗಳನ್ನು ಅವರಿಗೇ ಒಪ್ಪಿಸುವ ದಾರಿ ತೆರೆದಿದೆ. ಆದರೆ ಆ ಘಟಕಗಳು ಇರುವುದು ಆಸ್ಪತ್ರೆಯ ಆವರಣದೊಳಗೆ. ಮನೆಗೆ ಬರುವ ಖಾಸಗಿ ಮಿಡ್‌ವೈಫ್‌ಗೂ ಆಸ್ಪತ್ರೆಗೂ ನಡುವೆ ನಮ್ಮಲ್ಲಿ ಕೊಂಡಿಯಿಲ್ಲ. ಅವರು ಎಷ್ಟೇ ನಿಪುಣರಾಗಿರಲಿ, ತೊಂದರೆಯಾದಾಗ ನಮ್ಮೆದುರಿಗೆ ಬಂದು ನಿಲ್ಲುವವರು ರಕ್ತದ ಗುಂಪು, ತಪಾಸಣೆಯ ವಿವರ ಯಾವುದೂ ನಮಗೆ ಗೊತ್ತಿಲ್ಲದ ಒಬ್ಬ ತಾಯಿ.

ದಿನ ತುಂಬಿದ ಗರ್ಭಕೋಶದ ಮೂಲಕ ನಿಮಿಷಕ್ಕೆ ಅರ್ಧ ಲೀಟರಿಗಿಂತ ಹೆಚ್ಚು ರಕ್ತ ಹರಿಯುತ್ತಿರುತ್ತದೆ. ಹೆರಿಗೆಯ ಬಳಿಕ ಅದು ಬಿಗಿಯಾಗಿ ಸಂಕುಚಿಸಿ ತನ್ನ ರಕ್ತನಾಳಗಳನ್ನು ತಾನೇ ಹಿಸುಕಿ ಮುಚ್ಚಬೇಕು. ಹಾಗಾಗದಿದ್ದರೆ ಸಿಸ್ಟರ್ ಹೇಳಿದ ಕೌದಿಯ ಕತೆಯೇ. ಇದು ಯಾರಿಗಾಗುತ್ತದೆ ಎಂದು ಮೊದಲೇ ಹೇಳಲು ಬರುವುದಿಲ್ಲ. ಯಾವ ಮುನ್ಸೂಚನೆಯೂ ಇಲ್ಲದವರಲ್ಲೇ ಎಷ್ಟೋ ಸಲ ಆಗುತ್ತದೆ. ಹಿಮೋಗ್ಲೋಬಿನ್ 13 ಇರುವವಳು ತಾಳಿಕೊಳ್ಳುವ ರಕ್ತನಷ್ಟವನ್ನು 10.4 ಇರುವವಳು ತಾಳಿಕೊಳ್ಳಲಾರಳು. ನೀವು ಎಲ್ಲಿಯೇ ಹೆತ್ತರೂ ಮೊದಲು ಅದನ್ನು ಸರಿಪಡಿಸಿಕೊಳ್ಳಿ. ಮಾತ್ರೆ ಒಗ್ಗದಿದ್ದರೆ ರಕ್ತನಾಳದ ಮೂಲಕ ಕಬ್ಬಿಣಾಂಶ ಕೊಡಬಹುದು, ಇನ್ನೂ ಸಮಯವಿದೆ.

ಕರ್ನಾಟಕದಲ್ಲಿ 2001–03ರಲ್ಲಿ ಒಂದು ಲಕ್ಷ ಜೀವಂತ ಜನನಗಳಿಗೆ 228 ತಾಯಂದಿರು ಸಾಯುತ್ತಿದ್ದರು. 2018–20ರ ಹೊತ್ತಿಗೆ ಅದು 69ಕ್ಕೆ ಇಳಿಯಿತು. 2008ರಲ್ಲಿ 108 ಆಂಬುಲೆನ್ಸ್ ಬಂದದ್ದು, ಆಶಾ ಕಾರ್ಯಕರ್ತೆಯರು ಮನೆಮನೆ ತಿರುಗಿದ್ದು, ಹೆರಿಗೆಗಳು ಆಸ್ಪತ್ರೆಗೆ ಬಂದದ್ದು ಎಲ್ಲವೂ ಇದರಲ್ಲಿ ಸೇರಿವೆ.

ತುಂಗಾತೀರ

ಡಾಕ್ಟರೇ, ಅಂಕಿಅಂಶ ಹೇಳುವಾಗ ಪೂರ್ತಿ ಹೇಳಿ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ರಾಜ್ಯದಲ್ಲಿ ಸಿಸೇರಿಯನ್ ಪ್ರಮಾಣ 2015–16ರಲ್ಲಿ ನೂರಕ್ಕೆ 23.6 ಇದ್ದದ್ದು 2019–21ರಲ್ಲಿ 31.5ಕ್ಕೆ ಏರಿತು. ಜನಸಂಖ್ಯೆಯ ಮಟ್ಟದಲ್ಲಿ ನೂರಕ್ಕೆ 10 ದಾಟಿದ ಮೇಲೆ ತಾಯಿ ಮಗುವಿನ ಸಾವು ಕಡಿಮೆಯಾಗುವುದು ಕಂಡುಬಂದಿಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆಯೇ 2015ರಲ್ಲಿ ಹೇಳಿದೆ. ಹಾಗಿದ್ದರೆ ಉಳಿದ ಹೊಟ್ಟೆಗಳನ್ನು ಕೊಯ್ದದ್ದು ಯಾರ ಅನುಕೂಲಕ್ಕೆ? 2024ರ ನವೆಂಬರ್‌ನಲ್ಲಿ ಬಳ್ಳಾರಿಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೊಬ್ಬರು ತೀರಿಕೊಂಡಾಗ ರಕ್ತನಾಳಕ್ಕೆ ಕೊಟ್ಟ ದ್ರಾವಣದ ಮೇಲೆಯೇ ಸಂಶಯ ಬಂತಲ್ಲವೇ? ಮನೆಯಲ್ಲಿ ಸತ್ತರೆ ತಾಯಿಯ ಹಟ, ಆಸ್ಪತ್ರೆಯಲ್ಲಿ ಸತ್ತರೆ ವಿಧಿ ಎನ್ನುವುದು ನ್ಯಾಯವಲ್ಲ.

ಹೆರಿಗೆ ವೈದ್ಯೆ

ನ್ಯಾಯವಲ್ಲ, ಒಪ್ಪುತ್ತೇನೆ. ಬಳ್ಳಾರಿಯ ಆ ಸುದ್ದಿ ಬಂದ ವಾರ ನಮ್ಮ ವಾರ್ಡಿನಲ್ಲಿ ಪ್ರತಿ ಬಾಟಲಿಯನ್ನೂ ಬೆಳಕಿಗೆ ಹಿಡಿದು ನೋಡಿ ಏರಿಸುತ್ತಿದ್ದೆವು. ಬೇಡದ ಸಿಸೇರಿಯನ್‌ಗಳು ನಡೆಯುತ್ತಿವೆ, ಅದನ್ನೂ ಅಲ್ಲಗಳೆಯಲಾರೆ. ಆದರೆ ಅದಕ್ಕೆ ಉತ್ತರ ಒಳ್ಳೆಯ ಆಸ್ಪತ್ರೆಯನ್ನು ಹುಡುಕುವುದು ಮತ್ತು ಕೇಳಬೇಕಾದ್ದನ್ನು ಮೊದಲೇ ಕೇಳುವುದು.

ಕನಕಾಂಬರ ಅವರಿಗೆ ಮೊದಲ ಸಲ ಮಾಡಿದ್ದರಲ್ಲಿ ಬಹಳಷ್ಟು ಶಾಸ್ತ್ರಸಮ್ಮತವೂ ಅಲ್ಲ. ವಿಶ್ವ ಆರೋಗ್ಯ ಸಂಸ್ಥೆಯ 2018ರ ಶಿಫಾರಸುಗಳ ಪ್ರಕಾರ ತೊಡಕಿಲ್ಲದ ತಾಯಿ ಓಡಾಡಬಹುದು, ನೀರು ಮತ್ತು ಲಘು ಆಹಾರ ಸೇವಿಸಬಹುದು, ತನಗೆ ಬೇಕಾದವರನ್ನು ಜೊತೆಯಲ್ಲಿ ಇಟ್ಟುಕೊಳ್ಳಬಹುದು. ಎಲ್ಲರಿಗೂ ಕೊಯ್ಯುವ ರೂಢಿ ಕೂಡದು ಎಂದೂ ಅದರಲ್ಲಿದೆ. ಕೇಂದ್ರ ಸರ್ಕಾರ 2017ರಲ್ಲಿ ತಂದ ಲಕ್ಷ್ಯ ಕಾರ್ಯಕ್ರಮವೂ ಸರ್ಕಾರಿ ಹೆರಿಗೆ ಕೋಣೆಗಳಲ್ಲಿ ಜೊತೆಗಾತಿ ಇರಬೇಕೆನ್ನುತ್ತದೆ. ನಿಮಗೆ ಸಿಗಬೇಕಾದದ್ದು ಸಿಗಲಿಲ್ಲ. ಅದಕ್ಕೆ ನನ್ನ ವೃತ್ತಿಯವಳಾಗಿ ನನಗೆ ನಾಚಿಕೆಯಿದೆ.

ಆಶಾ ಕಾರ್ಯಕರ್ತೆ, ಚಾಮರಾಜನಗರ

ಡಾಕ್ಟರ್ ಮೇಡಂ ಇದನ್ನು ಬರೆದದ್ದು ಓದಿ ಮನಸ್ಸಿಗೆ ಸಮಾಧಾನವಾಯಿತು. ನಾನು ಹದಿಮೂರು ವರ್ಷಗಳಿಂದ ಆದಿವಾಸಿ ಹಾಡಿಗಳಿಂದ ಗರ್ಭಿಣಿಯರನ್ನು ಕರೆತರುತ್ತಿದ್ದೇನೆ. ದುಡ್ಡಿಗೋ ದೂರಕ್ಕೋ ಹೆದರಿ ಬರುವುದಿಲ್ಲ ಎಂದವರು ಕಡಿಮೆ. ಬೈಯುತ್ತಾರೆ ಎಂದು ಹೆದರಿದವರೇ ಹೆಚ್ಚು. ಹತ್ತೊಂಬತ್ತರ ಹುಡುಗಿಯೊಬ್ಬಳು ನೋವಿನಲ್ಲಿ ಚೀರಿದಾಗ ಒಳಗಿದ್ದವರೊಬ್ಬರು ಆಡಿದ ಮಾತನ್ನು ಇಲ್ಲಿ ಬರೆಯಲಾರೆ. ಅವಳು ಎರಡನೆಯದಕ್ಕೆ ಯಾರಿಗೂ ಹೇಳದೆ ಕಾಡಂಚಿನ ಅವ್ವನ ಗುಡಿಸಲಿಗೆ ಹೋಗಿಬಿಟ್ಟಳು. ನಾನು ಸುದ್ದಿ ತಿಳಿದು ಓಡುವಷ್ಟರಲ್ಲಿ ಹೆರಿಗೆಯಾಗಿತ್ತು, ಪುಣ್ಯಕ್ಕೆ ಇಬ್ಬರೂ ಕ್ಷೇಮವಾಗಿದ್ದರು.

ಈಗ ನಮ್ಮ ಕೇಂದ್ರದಲ್ಲಿ ಒಬ್ಬ ಸಿಸ್ಟರ್ ಇದ್ದಾರೆ. ಬಂದವರ ತಲೆ ನೇವರಿಸಿ, ಹೆಸರು ಹಿಡಿದು ಕರೆದು, "ನಿನಗೆ ಹೇಗೆ ಅನುಕೂಲವೋ ಹಾಗೆ ಕೂರವ್ವ" ಎನ್ನುತ್ತಾರೆ. ಅವರು ಬಂದಂದಿನಿಂದ ನಾನು ಯಾರನ್ನೂ ಬೇಡಿಕೊಂಡು ಕರೆತರಬೇಕಾಗಿಲ್ಲ, ಅವರ ಡ್ಯೂಟಿ ಯಾವಾಗ ಎಂದು ಹೆಂಗಸರೇ ನನ್ನನ್ನು ಕೇಳುತ್ತಾರೆ.

ಅಕ್ಷರ

ಬಾಣಂತನದ ಬಗ್ಗೆಯೂ ಯಾರಾದರೂ ಬರೆಯಿರಿ. ಐಂಧೋವನ್‌ನಲ್ಲಿ ಹೆರಿಗೆಯಾದ ಮೇಲೆ ಮನೆಗೆ ಬಂದು ನೋಡಿಕೊಳ್ಳುವವರು ಇದ್ದಾರಂತೆ, ನಿಜವೇ?

ಐಂಧೋವನ್ ಕನ್ನಡತಿ

ನಿಜ, ಸುಮಾರು ಎಂಟು ದಿನ ಬರುತ್ತಾರೆ. ತಾಯಿಯ ಜ್ವರ, ರಕ್ತಸ್ರಾವ, ಮಗುವಿನ ತೂಕ, ಕಾಮಾಲೆ ಎಲ್ಲ ನೋಡಿ ಒಂದು ಪುಸ್ತಕದಲ್ಲಿ ಬರೆದಿಡುತ್ತಾರೆ. ಬಿಸಿನೀರು, ಎಣ್ಣೆ, ಮೆಣಸಿನ ಸಾರು ಅವರಿಗೆ ಗೊತ್ತಿಲ್ಲ, ಅದಕ್ಕೆ ಅಮ್ಮನೇ ಬರಬೇಕಾಯಿತು. ಎರಡೂ ಇದ್ದ ಆ ಎಂಟು ದಿನ ನನ್ನ ಜೀವನದಲ್ಲೇ ಹೆಚ್ಚು ನೆಮ್ಮದಿಯಿಂದ ಕಳೆದ ದಿನಗಳು.

ಕನಕಾಂಬರ

ಎಲ್ಲರ ಮಾತನ್ನೂ ಎರಡೆರಡು ಸಲ ಓದಿದೆ. ಸುರಪುರದ ಅಣ್ಣ ಬರೆದದ್ದನ್ನು ಓದಿ ರಾತ್ರಿ ನಿದ್ದೆ ಬರಲಿಲ್ಲ. ಅಮ್ಮನಿಗೆ ಫೋನು ಮಾಡಿ ಅಜ್ಜಿಯ ಹೆರಿಗೆಗಳ ಬಗ್ಗೆ ಕೇಳಿದೆ. ಏಳಲ್ಲ, ಒಂಬತ್ತಂತೆ. ಇಬ್ಬರು ಹುಟ್ಟಿದ ದಿನವೇ ಹೋದವರು. ಅವರನ್ನು ನಮ್ಮ ಮನೆಯಲ್ಲಿ ಯಾರೂ ಲೆಕ್ಕಕ್ಕೆ ಸೇರಿಸುತ್ತಿರಲಿಲ್ಲ.

ಸಿಸ್ಟರ್ ಹೇಳಿದ ಪ್ರಶ್ನೆಗಳನ್ನು ಮಿಡ್‌ವೈಫ್‌ಗೆ ಕೇಳಿದೆ. ಅವರು ಬೇಸರಪಟ್ಟುಕೊಳ್ಳದೆ ಒಂದೊಂದಕ್ಕೂ ಉತ್ತರಿಸಿದರು. ಆದರೆ ಯಾವ ಆಸ್ಪತ್ರೆಗೆ ಕರೆದೊಯ್ಯುತ್ತೀರಿ, ಅಲ್ಲಿ ನಿಮ್ಮನ್ನು ಒಳಗೆ ಬಿಡುತ್ತಾರೆಯೇ ಎಂಬ ಪ್ರಶ್ನೆಗೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ಆ ಭರವಸೆ ಕೊಡಲಾರೆ" ಎಂದರು. ಆ ಪ್ರಾಮಾಣಿಕತೆಗೆ ನಾನು ಋಣಿ. ಮನೆಯಲ್ಲಿ ಹೆರುವ ಯೋಚನೆಯನ್ನು ಅಲ್ಲಿಗೇ ಬಿಟ್ಟೆ.

ಈಗ ಮೂರು ಆಸ್ಪತ್ರೆಗಳಿಗೆ ಹೋಗಿ ಬಂದೆ. ಮೊದಲೆರಡರಲ್ಲಿ ನನ್ನ ಪ್ರಶ್ನೆಗಳಿಗೆ "ಆಗ ನೋಡೋಣ" ಎಂಬ ಉತ್ತರ ಸಿಕ್ಕಿತು. ಮೂರನೆಯದು ಮನೆಯಿಂದ ಆರು ಕಿಲೋಮೀಟರು. ಅಲ್ಲಿಯ ವೈದ್ಯರು ನನ್ನ ಚೀಟಿಯನ್ನು ಓದಿ ಕಡತಕ್ಕೆ ಪಿನ್ ಮಾಡಿಸಿದರು: ಗಂಡನೋ ಮಿಡ್‌ವೈಫೋ ಒಬ್ಬರು ಕೊನೆಯವರೆಗೂ ಜೊತೆಗಿರಬೇಕು, ಎಲ್ಲ ಸರಿಯಿದ್ದರೆ ಓಡಾಡಲು ಬಿಡಬೇಕು, ನನಗೆ ಹೇಳದೆ ಕೊಯ್ಯಬಾರದು, ಮಗುವನ್ನು ಮೊದಲು ನನ್ನ ಎದೆಯ ಮೇಲೆ ಮಲಗಿಸಬೇಕು. ಚುಚ್ಚುಮದ್ದು ಮತ್ತು ರಕ್ತದ ವಿಷಯದಲ್ಲಿ ಮಾತ್ರ ತಮ್ಮ ತೀರ್ಮಾನವೇ ಕೊನೆ ಎಂದು ಅವರು ಹೇಳಿದರು, ಒಪ್ಪಿಕೊಂಡೆ. ನೋವು ಹದಕ್ಕೆ ಬರುವ ತನಕ ಮನೆಯಲ್ಲಿ ಮಿಡ್‌ವೈಫ್ ಜೊತೆ ಇದ್ದು ಆಮೇಲೆ ಹೊರಡುವುದೆಂದು ಗೊತ್ತುಮಾಡಿಕೊಂಡಿದ್ದೇವೆ.

ತುಂಗಾತೀರ

ನಿಮ್ಮ ತೀರ್ಮಾನ ನನ್ನದಲ್ಲ. ಆದರೂ ಮೂರು ಆಸ್ಪತ್ರೆಗಳನ್ನು ಸುತ್ತಿ ಲಿಖಿತವಾಗಿ ಕೇಳಿದಿರಲ್ಲ, ಅದು ದೊಡ್ಡ ಕೆಲಸ. ಆ ಚೀಟಿಯನ್ನು ಇಲ್ಲಿ ಹಾಕುತ್ತೀರಾ? ನನ್ನ ನಾದಿನಿಗೆ ಐದು ತಿಂಗಳು.

ಹೆರಿಗೆ ವೈದ್ಯೆ

ಒಳ್ಳೆಯದಾಗಲಿ. ಒಂದೇ ಮಾತು: ಎರಡನೆಯ ಹೆರಿಗೆ ಬಹಳ ಸಲ ಮೊದಲನೆಯದಕ್ಕಿಂತ ಬೇಗ ಆಗುತ್ತದೆ. ನೋವು ಹದಕ್ಕೆ ಬರಲಿ ಎಂದು ಕಾಯುತ್ತ ಕೂತರೆ ಆರು ಕಿಲೋಮೀಟರಿನ ಟ್ರಾಫಿಕ್ಕಿನಲ್ಲೇ ಮಗು ಬಂದೀತು. ಐದು ನಿಮಿಷಕ್ಕೊಮ್ಮೆ ನೋವು ಬರತೊಡಗಿದರೆ ಹೊರಡಿ. ನೀರು ಒಡೆದರೆ ನೋವಿಗೂ ಕಾಯಬೇಡಿ.

ನಿವೃತ್ತ ಸಿಸ್ಟರ್, ಬೆಳಗಾವಿ

ಹಿಮೋಗ್ಲೋಬಿನ್ ಮತ್ತೆ ಯಾವಾಗ ನೋಡಿಸುತ್ತೀರಿ, ತಂಗಿ?

ಕನಕಾಂಬರ

ಬರುವ ಗುರುವಾರ, ಅಕ್ಕಾ. ಊಟವಾದೊಡನೆ ಕಾಫಿ ಕುಡಿಯುವುದನ್ನು ಬಿಟ್ಟಿದ್ದೇನೆ, ಮಾತ್ರೆಯನ್ನು ನಿಂಬೆಹಣ್ಣಿನ ಪಾನಕದ ಜೊತೆ ತೆಗೆದುಕೊಳ್ಳುತ್ತಿದ್ದೇನೆ. ತುಂಗಾತೀರ ಅವರೇ, ಚೀಟಿಯನ್ನು ನಾಳೆ ಟೈಪ್ ಮಾಡಿ ಹಾಕುತ್ತೇನೆ.